ಗೆಳೆಯನಿಗೊಂದು ಪತ್ರ: ‘ಎಷ್ಟು ಗಂಟೆ ಆಡಬಹುದು’ ಅಂತ ಕೇಳೋದು ಬಿಟ್ಟೆ

ಪ್ರೀತಿಯ ಗೆಳೆಯಾ,

‘ಒಂದು ವಿಡಿಯೋ ಗೇಮಿಗೆ 80 ಡಾಲರ್ ಕೊಡೋದು ಸರೀನಾ?’ ಅಂತ ನೀನು ಕೇಳಿದ್ದೆ. ಉತ್ತರ ಎಲ್ಲರೆದುರೇ ಬರೀತಿದ್ದೀನಿ, ಬೇಜಾರಾಗಬೇಡ.

ಬೆಲೆಯ ಮಾತು ಬೇಗ ಮುಗಿಸ್ತೀನಿ. 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನೋ ಕನ್ಸೋಲ್ (ಗೇಮ್ ಆಡೋ ಯಂತ್ರ) ಬಂದಾಗ ಅಮೆರಿಕದಲ್ಲಿ ದೊಡ್ಡ ಗೇಮ್‌ಗಳ ಬೆಲೆ 60 ಡಾಲರಿಗೆ ಬಂದು ನಿಂತಿತು. 2020ರಲ್ಲಿ ಪ್ಲೇಸ್ಟೇಷನ್ 5 (ಪಿಎಸ್5) ಜೊತೆ 70 ಆಯ್ತು. 2025ರ ಜೂನಿನಲ್ಲಿ ನಿಂಟೆಂಡೋ ಕಂಪನಿಯ ಕನ್ಸೋಲ್ ಸ್ವಿಚ್ 2 ಜೊತೆ ಬಂದ ಮಾರಿಯೋ ಕಾರ್ಟ್ ವರ್ಲ್ಡ್‌ಗೆ 80. ಆದರೆ ಹಣದುಬ್ಬರ ಸೇರಿಸಿ ನೋಡು, 2005ರ 60 ಡಾಲರ್ ಈಗ 90 ದಾಟುತ್ತೆ. ಹಾಗಾಗಿ ಬರೀ ಸಂಖ್ಯೆ ನೋಡಿ ದರೋಡೆ ಅನ್ನೋದನ್ನ ನಾನು ಒಪ್ಪಲ್ಲ. ಕೊಟ್ಟ ದುಡ್ಡಿಗೆ ಕೈಯಲ್ಲಿ ಏನು ಉಳಿಯುತ್ತೆ, ಅದನ್ನ ನೋಡಬೇಕು.

70ಕ್ಕೆ ತಂದ ಡಿಸ್ಕನ್ನ ಆಡಿ ಮುಗಿಸಿ 40ಕ್ಕೆ ಮಾರಿದೆ ಅಂತಿಟ್ಕೋ, ನಿನಗೆ ಬಿದ್ದ ಖರ್ಚು 30. ಮತ್ತೆ ಮಾರೋಕಾಗದ ಡಿಜಿಟಲ್ ಪ್ರತಿಗೆ 50 ಕೊಟ್ಟರೆ 50 ಹೋಯ್ತು ಅಷ್ಟೆ. ಅಗ್ಗದ್ದು ಯಾವುದು ನೀನೇ ಹೇಳು. ಹಾಗಂತ ಬಾಕ್ಸ್ ಇದೆ ಅಂದ ಮಾತ್ರಕ್ಕೆ ಒಳಗೆ ಗೇಮ್ ಇದೆ ಅಂತಲೂ ಅಲ್ಲ. ಸ್ವಿಚ್ 2ರ ಬಾಕ್ಸಿನ ಮುಂಭಾಗದಲ್ಲಿ, ಕೆಳಗಡೆ, ಕೀಲಿಕೈ ಚಿತ್ರ ಕಂಡರೆ ಅದು ಗೇಮ್-ಕೀ ಕಾರ್ಡ್. ಕಾರ್ಡಿನಲ್ಲಿ ಇರೋದು ಬರೀ ಕೀಲಿ, ಗೇಮ್ ಪೂರ್ತಿ ಡೌನ್‌ಲೋಡ್ ಆಗಬೇಕು, ಆಮೇಲೂ ಆಡುವಾಗ ಕಾರ್ಡ್ ಒಳಗಿರಲೇಬೇಕು. ಮಾರಬಹುದು, ನಿಜ. ಆದರೆ ಡೌನ್‌ಲೋಡ್ ಸರ್ವರ್ ನಿಂತ ದಿನ ಕೊಂಡವನ ಕೈಯಲ್ಲಿ ಪ್ಲಾಸ್ಟಿಕ್ ಉಳಿಯುತ್ತೆ.

ಪಿಎಸ್5 ಡಿಸ್ಕ್ ಆದರೆ ನೀನೇ ಪರೀಕ್ಷೆ ಮಾಡಬಹುದು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್‌ಗೆ ಹೋಗಿ ಇಂಟರ್‌ನೆಟ್ ಆಫ್ ಮಾಡು, ಆಮೇಲೆ ಡಿಸ್ಕ್ ಹಾಕು. ಇನ್‌ಸ್ಟಾಲ್ ಆಗಿ ಮೊದಲ ಒಂದೆರಡು ಗಂಟೆ ತಡೆಯಿಲ್ಲದೆ ನಡೆದರೆ ಡಿಸ್ಕಿನಲ್ಲಿ ನಿಜವಾದ ಗೇಮ್ ಇದೆ. ಮೆನು ಬಂದು ‘ಅಪ್‌ಡೇಟ್ ಬೇಕು’ ಅಂತ ನಿಂತರೆ ಇಲ್ಲ. ಕಳಚುವ ಡಿಸ್ಕ್ ಡ್ರೈವ್ ಇರೋ ಕನ್ಸೋಲ್ ಆಗಿದ್ದರೆ ಡ್ರೈವ್ ಜೋಡಿಸೋಕೆ ಮೊದಲ ಸಲ ಇಂಟರ್‌ನೆಟ್ ಬೇಕೇ ಬೇಕು, ಅದನ್ನ ಮೊದಲೇ ಮುಗಿಸಿಕೋ. ಒಬ್ಬನೇ ಆಡೋಕೂ ಸರ್ವರ್ ಬೇಕು ಅನ್ನೋ ಗೇಮಿಗೆ ಮಾತ್ರ ಡಿಸ್ಕ್ ಕೂಡ ಕಾಪಾಡಲ್ಲ. 2024ರ ಮಾರ್ಚ್ 31ಕ್ಕೆ ದಿ ಕ್ರೂ ಅನ್ನೋ ಕಾರ್ ರೇಸ್ ಗೇಮಿನ ಸರ್ವರ್ ನಿಂತಾಗ ಡಿಸ್ಕ್ ಇದ್ದವರಿಗೂ ಅದೇ ಗತಿ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ತಗೊಂಡರೆ ಕೂಡಲೇ ಡೌನ್‌ಲೋಡ್ ಒತ್ತಬೇಡ. 14 ದಿನದೊಳಗೆ ಹಣ ವಾಪಸ್ ಕೇಳಬಹುದು, ಆದರೆ ಡೌನ್‌ಲೋಡ್ ಶುರುವಾದರೆ, ಗೇಮೇ ಕೆಟ್ಟಿದ್ದರೆ ಹೊರತು, ಆ ಹಕ್ಕು ಹೋಯ್ತು.

ಇಷ್ಟೆಲ್ಲ ನಿನಗೆ ಅರ್ಧ ಗೊತ್ತಿದ್ದದ್ದೇ. ನನಗೆ ಈಚೆಗೆ ಕೊರೀತಿರೋದು ಬೇರೆ.

ನಾವಿಬ್ಬರೂ ಯಾವ ಹೊಸ ಗೇಮ್ ಬಂದರೂ ಮೊದಲು ಕೇಳ್ತಿದ್ದ ಪ್ರಶ್ನೆ ‘ಎಷ್ಟು ಗಂಟೆ?’ ನೂರು ಅಂದರೆ ಲಾಭ, ಹನ್ನೆರಡು ಅಂದರೆ ಮೋಸ. ನಾವು ಗಂಟೆ ಕೇಳಿದ್ವಿ, ಗೇಮ್ ಮಾಡೋರು ಗಂಟೆ ಕೊಟ್ಟರು. ಮ್ಯಾಪ್ ತುಂಬ ಚಿಹ್ನೆಗಳು, ಐದು ತೋಳದ ಚರ್ಮ ತಾ ಅನ್ನೋ ಕೆಲಸಗಳು. 2017ರ ಶ್ಯಾಡೋ ಆಫ್ ವಾರ್ ನೆನಪಿಸಿಕೋ. ಓರ್ಕ್ (ರಾಕ್ಷಸ) ನಾಯಕನನ್ನ ನೀನೇ ಬೆನ್ನಟ್ಟಿ, ಸೋತು, ಮತ್ತೆ ಹೋಗಿ ಮಣಿಸಿ ನಿನ್ನ ಸೇನೆಗೆ ಸೇರಿಸಿಕೊಳ್ಳೋದೇ ಅದರ ಜೀವ. ಅಂಥ ಗೇಮಿನಲ್ಲಿ ಓರ್ಕ್‌ಗಳನ್ನ ದುಡ್ಡಿಗೆ ಮಾರೋ ಅಂಗಡಿ ಇಟ್ಟರು, ಕೊನೆಯ ಭಾಗದಲ್ಲಿ ಕೋಟೆ ಕಾಯೋ ಸುತ್ತುಗಳನ್ನ ಒಂದರ ಮೇಲೊಂದು ಪೇರಿಸಿದರು. 2018ರ ಜುಲೈಯಲ್ಲಿ ಅಂಗಡಿ ತೆಗೆದಾಗ ಆ ಕೊನೆಯ ಭಾಗವನ್ನೂ ಕಿರಿದು ಮಾಡಿದರು. ಗಂಟೆಗಳು ಕಮ್ಮಿಯಾದವು, ಗೇಮ್ ಚೆನ್ನಾಯ್ತು. ಹಾಗಾದರೆ ಆ ಗಂಟೆಗಳು ಯಾರಿಗಾಗಿ ಇದ್ದವು?

ಈ ಕಡೆ 2024ರ ಆಸ್ಟ್ರೋ ಬಾಟ್ ನೋಡು. ಒಂದು ಲೆವೆಲ್‌ನಲ್ಲಿ ಬಟನ್ ಒತ್ತಿದರೆ ಇಲಿಯಷ್ಟು ಪುಟ್ಟದಾಗ್ತೀಯ, ಒಂದು ಕ್ಷಣದ ಹಿಂದೆ ಕಾಲಡಿ ಇದ್ದ ಬಿರುಕು ಈಗ ಬಾಗಿಲು. ಇನ್ನೊಂದರಲ್ಲಿ ಸ್ಪಂಜು ನೀರು ಹೀರಿ ನಿನ್ನನ್ನ ದೈತ್ಯನಾಗಿಸುತ್ತೆ. ಬೇರೆಯವರಾಗಿದ್ದರೆ ಒಂದೊಂದನ್ನೂ ಇಪ್ಪತ್ತು ಗಂಟೆ ರಬ್ಬರಿನ ಹಾಗೆ ಎಳೀತಿದ್ದರು. ಇದನ್ನ ಮಾಡಿದವರು ರುಚಿ ಹತ್ತೋ ಹೊತ್ತಿಗೆ ಕೈಬಿಟ್ಟು ಮುಂದಕ್ಕೆ ಹೋಗ್ತಾರೆ. ಹದಿನೈದು ಗಂಟೆಯೊಳಗೇ ಕಥೆ ಮುಗಿಯುತ್ತೆ, 60 ಡಾಲರ್. ನಮ್ಮ ಹಳೇ ಲೆಕ್ಕದಲ್ಲಿ ಇದು ಮೋಸ! ಆ ಲೆಕ್ಕ ಎಷ್ಟು ತಪ್ಪು ಅಂತ ಈಗ ಹೊಟ್ಟೆ ಉರಿಯುತ್ತೆ.

ಇನ್ನೊಂದು ಮಾತು. ಬರೆಯಬೇಕು ಅಂತ ಕೂತಿರಲಿಲ್ಲ, ಬರ್ತಿದೆ. ಈಗೀಗ ನಾನು ಗೇಮ್ ತಗೊಳ್ಳೋದು ಆಡೋಕಲ್ಲ ಕಣೋ. ಮುಂದೆ ಎಂದೋ ಬಿಡುವು ಸಿಗುತ್ತೆ, ಪಕ್ಕದಲ್ಲಿ ನೀನೂ ಇರ್ತೀಯ ಅನ್ನೋ ನಂಬಿಕೆಗೆ ದುಡ್ಡು ಕೊಡ್ತಿದ್ದೀನಿ. ಸೇಲ್‌ನಲ್ಲಿ 15ಕ್ಕೆ ಸಿಕ್ಕಿತು ಅಂತ ತಗೊಂಡು ತೆರೆಯದೇ ಇಟ್ಟ ಗೇಮ್‌ಗಳ ಪಟ್ಟಿ ನೋಡಿದರೆ, ಬೆಲೆ ಬಗ್ಗೆ ಇಷ್ಟು ದಿನ ಕೂಗಾಡಿದ್ದು ಬೇರೇನನ್ನೋ ಮರೆಯೋಕೆ ಅನ್ಸುತ್ತೆ. ದುಬಾರಿಯಾಗಿದ್ದು ಗೇಮ್ ಅಲ್ಲ, ಇಬ್ಬರಿಗೂ ಒಟ್ಟಿಗೆ ಸಿಗೋ ಸಂಜೆ.

ಸರಿ, ಇಲ್ಲಿಗೆ ಬಿಡೋಣ, ಎಲ್ಲರೂ ಓದ್ತಿದ್ದಾರೆ. ನಿನ್ನ ಪ್ರಶ್ನೆಗೆ ಉತ್ತರ: ಒಬ್ಬನೇ ಆಡೋದಾದರೆ ಮಾರಿಯೋ ಕಾರ್ಟ್ ಈಗ ಬೇಡ. ನಾಲ್ಕು ಜನ ಸೇರೋ ಮನೆಯಾದರೆ ಕಣ್ಮುಚ್ಚಿ ತಗೋ, ಕಾರ್ಡಿನಲ್ಲಿ ಬರೋ (ಕಾರ್ಟ್ರಿಡ್ಜ್) ಪ್ರತಿಯನ್ನೇ ತಗೋ. ನಿಂಟೆಂಡೋ ತನ್ನ ಗೇಮ್‌ಗಳ ಬೆಲೆ ಇಳಿಸೋದು ಅಪರೂಪ, ಅದಕ್ಕೇ ಮಾರೋವಾಗಲೂ ಬೆಲೆ ಉಳಿದಿರುತ್ತೆ.

ನಾನು ಬರೋ ದಿನ ಕಂಟ್ರೋಲರ್‌ಗಳನ್ನ ಚಾರ್ಜ್ ಮಾಡಿಟ್ಟಿರು. ಎಡಗಡೆ ಸ್ಟಿಕ್ ತಾನಾಗೇ ಸರಿಯೋ ಕಂಟ್ರೋಲರ್ ನಿನಗೆ. ಅದು ಯಾಕೆ ಅಂತ ನಿನಗೇ ಗೊತ್ತು.

ಇಂತಿ,
ನಿನ್ನ ಎರಡನೇ ಪ್ಲೇಯರ್