ಕೆಜಿಎಫ್ ಗಣಿಗೆ ಇನ್ನೊಂದು ಬದುಕು ಕೊಡಿ

ಮಾನ್ಯರೇ,

ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಗಣಿಗೆ ಇಳಿಯುವ ಶಾಫ್ಟ್‌ಗಳ (ಆಳದ ಬಾವಿಗಳ) ಮೇಲಿನ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಗಾಳಿ ಬೀಸಿದರೆ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಸೈನೈಡ್ ಮಣ್ಣಿನ ದಿಬ್ಬದ ದೂಳು ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಕೂರುತ್ತದೆ. ಕೆಲಸಕ್ಕಾಗಿ ನಮ್ಮ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಓಡಬೇಕು.

ಚಿನ್ನ ತೆಗೆಯದಿದ್ದರೆ ಗಣಿಯಿಂದ ಪ್ರಯೋಜನವೇ ಇಲ್ವಾ? ಮೂರು ಕಿ.ಮೀ.ಗೂ ಜಾಸ್ತಿ ಆಳದ ಈ ಗಣಿಯಲ್ಲೇ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣ ಪತ್ತೆಯಾಯಿತು. ಬೇಡದ ಕಣಗಳನ್ನು ಮೇಲಿನ ಬಂಡೆಯೇ ತಡೆಯುತ್ತಿತ್ತು. ಅಂಥ ಜಾಗ ಎಲ್ಲೆಂದರಲ್ಲಿ ಸಿಗುತ್ತದಾ? ನೆದರ್ಲೆಂಡ್ಸ್‌ನ ಹೀರ್ಲೆನ್ ಊರಿನವರು ಹಳೆ ಕಲ್ಲಿದ್ದಲು ಗಣಿಯ ಬೆಚ್ಚಗಿನ ನೀರಿನಿಂದ ಕಟ್ಟಡಗಳನ್ನು ಬಿಸಿ ಮಾಡಿಕೊಂಡರು. ರೊಮೇನಿಯಾದ ತುರ್ದಾ ಉಪ್ಪಿನ ಗಣಿಯೊಳಗೆ ಜೈಂಟ್ ವೀಲ್ ತಿರುಗುತ್ತಿದೆ, ಜನ ಟಿಕೆಟ್ ತೆಗೆದುಕೊಂಡು ಇಳಿಯುತ್ತಾರೆ.

ನಮ್ಮ ಗಣಿಯಲ್ಲಿ ನೀರು ತುಂಬಿದೆ, ಆಳಕ್ಕೆ ಇಳಿಯುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಮೊದಲು ಒಂದೇ ಒಂದು ಶಾಫ್ಟ್‌ನ ಮೇಲ್ಭಾಗ ಭದ್ರ ಮಾಡಿ, ಪಕ್ಕದಲ್ಲಿ ಮ್ಯೂಸಿಯಂ ಕಟ್ಟಬಹುದಲ್ವಾ? ಕೆಳಗೆ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಸರ್ಕಾರ ಈಗಲೇ ದಾಖಲಿಸಲಿ. ಬಂದವರಿಗೆ ಗಣಿ ತೋರಿಸುವ ಕೆಲಸವನ್ನು ಅವರ ಮಕ್ಕಳಿಗೇ ಕೊಡಲಿ.

— ಒಬ್ಬ ನಿವಾಸಿ, ಕೆಜಿಎಫ್