ಅಕ್ಷರ ಹೋದರೂ ತೂತು ಉಳಿದಿತ್ತು

ಪ್ರೀತಿಯ ಮಂಜ,

ದಕ್ಷಿಣ ಫ್ರಾನ್ಸಿನ ನೀಮ್ ಎಂಬ ಊರಿಗೆ ಹೋಗಿದ್ದೆ. ಊರ ನಡುವೆಯೇ ಸುಮಾರು 2000 ವರ್ಷದ ಹಳೆಯ ರೋಮನ್ ಗುಡಿಯಿದೆ, ಮೇಜೋನ್ ಕಾರೇ ಅಂತ. ಹಾಗೆಂದರೆ ಚೌಕದ ಮನೆ. ಉದ್ದ 26 ಮೀಟರ್ ದಾಟುತ್ತದೆ, ಅಗಲ ಅದರ ಅರ್ಧ. ಇದ್ಯಾವ ಸೀಮೆ ಚೌಕವೋ! ಹಿಂದೆ ಫ್ರೆಂಚಿನಲ್ಲಿ ಆಯತಕ್ಕೂ 'ಉದ್ದ ಚೌಕ' ಅನ್ನುತ್ತಿದ್ದರಂತೆ.

ಎದುರಿನ ಕಂಬಗಳ ಮೇಲೆ ಅಡ್ಡಲಾಗಿ ಕಲ್ಲಿನ ಪಟ್ಟಿಯಿದೆ. ಅದನ್ನು ನೋಡಿದ ಕೂಡಲೇ ನಿನ್ನ ಬೋರ್ಡ್ ಅಂಗಡಿ ನೆನಪಾಯಿತು. ಪಟ್ಟಿಯ ತುಂಬ ಸಣ್ಣ ಸಣ್ಣ ತೂತು. ಒಂದು ಕಾಲಕ್ಕೆ ಅಲ್ಲಿ ಕಂಚಿನ ಅಕ್ಷರಗಳನ್ನು ಕೂರಿಸಿದ್ದರು. ಅಕ್ಷರ ಯಾವತ್ತೋ ಹೋಯಿತು, ಮೊಳೆಯ ತೂತು ಮಾತ್ರ ಉಳಿಯಿತು. ಹಳೇ ಬೋರ್ಡ್ ಕಿತ್ತಾಗ ಗೋಡೆಯಲ್ಲಿ ಉಳಿಯುತ್ತಲ್ಲ, ಥೇಟ್ ಹಾಗೆ.

1758ರಲ್ಲಿ ಅದೇ ಊರಿನ ಸೆಗ್ಯೇ ಎಂಬ ವಿದ್ವಾಂಸ ಬರೀ ಆ ತೂತುಗಳಿಂದಲೇ ಬರಹವನ್ನು ಓದಿದ. ಯೋಚನೆ ಮಾಡು, ಒಂದೇ ತೂತಿನ ಗುಂಪಿಗೆ ಎರಡು ಮೂರು ಅಕ್ಷರ ಕೂರಬಹುದು. ಪದ ಹೊಂದುವ ತನಕ ಬಿಡುವಂತಿಲ್ಲ. ಕೊನೆಗೆ ಸಿಕ್ಕಿದ್ದು ಎರಡು ಹೆಸರು, ಗಾಯಸ್ ಮತ್ತು ಲೂಸಿಯಸ್. ಚಕ್ರವರ್ತಿ ಆಗಸ್ಟಸ್‌ನ ಮಗಳ ಮಕ್ಕಳು. ತನ್ನ ನಂತರ ಪಟ್ಟಕ್ಕೆ ಬರಲಿ ಅಂತ ತಾತನೇ ದತ್ತು ತೆಗೆದುಕೊಂಡಿದ್ದ. ಲೂಸಿಯಸ್ ಕ್ರಿ.ಶ. 2ರಲ್ಲಿ ಇಲ್ಲೇ ಹತ್ತಿರದ ಮಾರ್ಸೆಯಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ಅಣ್ಣನೂ ಹೋದ. ಇಬ್ಬರಿಗೂ ಆಗಿನ್ನೂ 20ರ ಆಸುಪಾಸು.

ಕಟ್ಟಡದಲ್ಲಿ ಒಂದು ಚೆಂದದ ಕಣ್ಕಟ್ಟೂ ಇದೆ. ಸುತ್ತಲೂ 30 ಕಂಬ ಕಾಣುತ್ತವೆ. ಆದರೆ ಬಿಡಿಯಾಗಿ ನಿಂತಿರುವುದು ಮುಂದಿನ 10 ಮಾತ್ರ. ಉಳಿದ 20 ಗೋಡೆಯಲ್ಲಿ ಅರ್ಧ ಹುದುಗಿವೆ. ಎತ್ತರದ ಜಗಲಿ ಹತ್ತಲು 15 ಮೆಟ್ಟಿಲು. ಬೆಸ ಸಂಖ್ಯೆ ಯಾಕೆ ಗೊತ್ತಾ? ಬಲಗಾಲಿಟ್ಟು ಶುರು ಮಾಡಿದರೆ ಮೇಲೆ ತಲುಪುವುದೂ ಬಲಗಾಲೇ ಆಗಬೇಕು ಅಂತ ಆ ಕಾಲದ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ನಮ್ಮಜ್ಜಿ ಕೇಳಿದ್ದರೆ ರೋಮನ್ನರನ್ನು ಮನೆಗೆ ಕರೆದು ಕಾಫಿ ಕೊಡುತ್ತಿದ್ದರು.

ಇಷ್ಟು ಚೆನ್ನಾಗಿ ಉಳಿದಿದ್ದು ಹೇಗೆ ಅಂತೀಯಾ? ಸುಮ್ನೆ ಖಾಲಿ ಬಿಡಲಿಲ್ಲ, ಅಷ್ಟೇ. ಕುದುರೆ ಲಾಯ, ಚರ್ಚು, ಸರ್ಕಾರಿ ದಫ್ತರು, ಮ್ಯೂಸಿಯಂ ಎಲ್ಲವೂ ಆಯಿತು. ಪಾಳು ಬಿದ್ದಿದ್ದರೆ ಕಲ್ಲು ಕಿತ್ತು ಮನೆ ಕಟ್ಟಿಕೊಳ್ಳುತ್ತಿದ್ದರೋ ಏನೋ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್ ಇದನ್ನು ಕಣ್ಣಾರೆ ನೋಡುವ ಮೊದಲೇ ಇದರ ಮಾದರಿಯಲ್ಲಿ ತನ್ನ ರಾಜ್ಯ ವರ್ಜೀನಿಯಾದ ಶಾಸನಸಭೆ ಭವನಕ್ಕೆ ನಕ್ಷೆ ಮಾಡಿಸಿದ್ದ. ಆಮೇಲೆ 1787ರಲ್ಲಿ ಇಲ್ಲಿಗೆ ಬಂದು ಗಂಟೆಗಟ್ಟಲೆ ನೋಡುತ್ತ ಕೂತನಂತೆ. ನಾನೂ ಕೂತೆ, ಕಾಲು ನೋವಿಗೆ.

ಫೋಟೋ ಕಳಿಸಿದ್ದೇನೆ, ದೊಡ್ಡದು ಮಾಡಿ ನೋಡು. ಮೊದಲ ಅಕ್ಷರ ಸಿ. ಗಾಯಸ್ ಅನ್ನುವುದಕ್ಕೆ ಅವರು ಬರೀ ಸಿ ಅಂತ ಬರೆಯುತ್ತಿದ್ದರು. ನನಗಂತೂ ಬರೀ ತೂತು ಕಂಡಿತು. ನಿನ್ನ ಕಣ್ಣಿಗೆ ಅಕ್ಷರ ಕಂಡರೆ ಬರಿ.

ನಿನ್ನ,
ಸುರೇಶ