ಉಸಿರಾಡೋದು ನಂಗೆ ಮೊದಲೇ ಬರ್ತಿತ್ತು

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಪ್ರಿಂಟರ್ ಕೈಗೆ ಹೋಗಬೇಕು. ಯೋಗ ದಿನದ ಬಗ್ಗೆ ಬರೆದುಕೊಡುತ್ತೇನೆ ಎಂದಿದ್ದವರಿಗೆ ಆಫೀಸಿನಲ್ಲಿ ಏನೋ ಅರ್ಜೆಂಟ್ ಬಂತು. "ಹೇಗೂ ಶನಿವಾರದ ಯೋಗ ಕ್ಲಾಸು ನೀವೇ ತಗೋತೀರಲ್ಲ, ನೀವೇ ನಾಲ್ಕು ಮಾತು ಬರೆದುಬಿಡಿ" ಎಂದರು. ಸರಿ, ಮನೆಯವರೆಲ್ಲ ಮಲಗಿದ ಮೇಲೆ ಕೂತಿದ್ದೇನೆ. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಮಕ್ಕಳ ಕ್ಲಾಸು ಮುಗಿದಾಗ ಒಬ್ಬ ತಾಯಿ ಮಗಳನ್ನು ಕೇಳಿದರು, "ಇವತ್ತು ಏನು ಕಲಿತೆ ಪುಟ್ಟಿ?" ಮಗು ಶೂ ಹಾಕಿಕೊಳ್ಳುತ್ತಾ ತಲೆಯನ್ನೂ ಎತ್ತದೆ ಹೇಳಿತು, "ಏನಿಲ್ಲ. ಉಸಿರಾಡೋದು ಹೇಳಿಕೊಟ್ರು. ಅದು ನಂಗೆ ಮೊದಲೇ ಬರ್ತಿತ್ತು."

ತಾಯಿಗೆ ಮುಜುಗರ, ನನಗೆ ನಗು. ಮಗು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೆ ಬರುತ್ತೆ. ಮಲಗಿರುವ ಮಗುವಿನ ಹೊಟ್ಟೆ ನೋಡಿ, ಏರುತ್ತೆ, ಇಳಿಯುತ್ತೆ, ಯಾರೂ ಹೇಳಿಕೊಡಬೇಕಿಲ್ಲ. ಮರೆತಿರುವವರು ಆಮೇಲಿನ ಬ್ಯಾಚಿಗೆ ಬರುವ ಅಪ್ಪ ಅಮ್ಮಂದಿರು.

ವೃಕ್ಷಾಸನ ಶುರುವಾಗಲಿ, ಒಂದೇ ಕಾಲಿನ ಮೇಲೆ ನಿಂತವರನ್ನು ನೋಡಬೇಕು. ನಿಂತ ಕಾಲಿನ ಬೆರಳು ಮ್ಯಾಟನ್ನು ಕಚ್ಚಿ ಹಿಡಿದಿರುತ್ತೆ. ದವಡೆ ಬಿಗಿ. ಕಣ್ಣು ಪಕ್ಕದವರ ಕಾಲು ಎಷ್ಟು ಮೇಲಿದೆ ಎಂದು ಅಳೆಯುತ್ತಿರುತ್ತೆ. ಉಸಿರು ಮಾತ್ರ ಎಲ್ಲೂ ಇಲ್ಲ. ತ್ರಿಕೋಣಾಸನದಲ್ಲಿ ಕೈ ನೆಲಕ್ಕೆ ತಾಗಲೇಬೇಕು ಎಂಬ ಹಟಕ್ಕೆ ಮೇಲಿನ ಭುಜ ಮುಂದಕ್ಕೆ ಕುಸಿದು ಎದೆಯೇ ಮುಚ್ಚಿಹೋಗುತ್ತೆ. ಕೈ ಮೊಣಕಾಲಿನ ಕೆಳಗೆ ಇಟ್ಟರೆ ಸಾಕು ಎಂದರೆ ಏನೋ ಮಾರ್ಕ್ಸ್ ಕಟ್ ಮಾಡಿದ ಹಾಗೆ ಮುಖ ಮಾಡುತ್ತಾರೆ. ಶವಾಸನದಲ್ಲಿ ಇನ್ನೂ ಸೊಗಸು. ಎಲ್ಲರೂ ಸತ್ತಂತೆ ಮಲಗಿದ್ದಾರೆ, ಒಬ್ಬರ ಬಲಗೈ ಹೆಬ್ಬೆರಳು ಮಾತ್ರ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿದೆ. ಫೋನಿಲ್ಲದೆ ಸ್ಕ್ರೋಲ್ ಮಾಡುತ್ತಿದ್ದಾರೆ!

ಪತಂಜಲಿಯ ಯೋಗಸೂತ್ರದಲ್ಲಿ ಇರುವುದು 195 ಸೂತ್ರ, ಕೆಲವು ಪ್ರತಿಗಳಲ್ಲಿ 196. ಆಸನದ ಬಗ್ಗೆ ಬರುವುದು ಮೂರೇ ಮೂರು, ಎರಡನೇ ಪಾದದ, ಅಂದರೆ ಎರಡನೇ ಅಧ್ಯಾಯದ, 46ರಿಂದ 48. 'ಸ್ಥಿರಸುಖಮಾಸನಂ', ಅಲುಗದೆ ಹಾಯಾಗಿ ಇರುವುದೇ ಆಸನ, ಎಲ್ಲರಿಗೂ ಬಾಯಿಪಾಠ. ಅದರ ಬೆನ್ನಿಗೇ 'ಪ್ರಯತ್ನ ಶೈಥಿಲ್ಯ' ಎಂದು ಶುರುವಾಗುವ ಸೂತ್ರವಿದೆ. ಅದನ್ನು ಯಾರೂ ಟೀಶರ್ಟ್ ಮೇಲೆ ಹಾಕಿಸುವುದಿಲ್ಲ. ಕಸರತ್ತು ಸಡಿಲ ಬಿಡು, ಆಗ ಆಸನ ಕೂರುತ್ತೆ ಎನ್ನುತ್ತೆ ಅದು. ನಮಗೆ ಕಷ್ಟ ಇರುವುದು ಅಲ್ಲೇ. ವೀಸಾ, ಮನೆಸಾಲ, ಮಕ್ಕಳ ಸ್ಕೂಲು, ಊರಲ್ಲಿರುವ ಅಪ್ಪ ಅಮ್ಮ, ಎಲ್ಲವನ್ನೂ ಹಲ್ಲು ಕಚ್ಚಿ ಹಿಡಿದೇ ಇಲ್ಲಿವರೆಗೆ ಬಂದವರು ನಾವು. ಬಿಟ್ಟರೆ ಎಲ್ಲಿ ಬಿದ್ದುಹೋಗುತ್ತೋ ಎಂಬ ಭಯ. ಆ ಭಯವನ್ನೂ ಮ್ಯಾಟಿನ ಮೇಲೆ ತಂದೇ ನಿಲ್ಲುತ್ತೇವೆ.

ಹೀಗೆ ಸಡಿಲ ಬಿಡುವುದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಗಳ ಶಿಬಿರದಲ್ಲಿ ಕಲಿತುಬಂದವರು. 'ತಿರುಕ' ಎಂಬ ಹೆಸರಲ್ಲಿ ಬರೆಯುತ್ತಿದ್ದ ಆ ಸ್ವಾಮೀಜಿ ಊರೂರು ಸುತ್ತಿ ಯೋಗ ಕಲಿಸಿದರು. ಅವರ ಕೈಕೆಳಗೆ ಕಲಿತ ಮೇಷ್ಟ್ರುಗಳು ಆಮೇಲೆ ನಮ್ಮಂಥ ಎಷ್ಟೋ ಸ್ಕೂಲುಗಳಲ್ಲಿ ಇದ್ದರು, ನಿಮಗೂ ಒಬ್ಬರು ಸಿಕ್ಕಿರಬಹುದು. ನಮ್ಮ ಮೇಷ್ಟ್ರು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಉದ್ದ ಜಗಲಿಯಲ್ಲಿ ಜಮಖಾನ ಹಾಸಿಸುತ್ತಿದ್ದರು. ಹಾಸುವುದೂ ಮಡಚುವುದೂ ನಮ್ಮದೇ ಕೆಲಸ. ಅದರ ದಪ್ಪ ನೂಲು ತೊಡೆಗೆ ಒತ್ತಿ ಗೆರೆ ಗೆರೆ ಮೂಡುತ್ತಿತ್ತು, ಮೊದಲ ಪೀರಿಯಡ್ ಮುಗಿದರೂ ಹೋಗುತ್ತಿರಲಿಲ್ಲ.

ಅವರು ಯಾರನ್ನೂ ಮುಟ್ಟಿ ತಿದ್ದುತ್ತಿರಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. ನೌಕಾಸನ ಹಾಕಿಸುವರು. ಕಾಲು ಗಾಳಿಯಲ್ಲಿ, ಹೊಟ್ಟೆ ಗಡಗಡ, ಮುಖ ಕೆಂಪು. ಆಗ ತಟ್ಟನೆ ಒಬ್ಬನ ತಲೆಯ ಹತ್ತಿರ ನಿಂತು, "ಹದಿನೇಳರ ಮಗ್ಗಿ ಹೇಳು" ಎನ್ನುವರು. ಹದಿನೇಳು ಒಂದ್ಲ ಹದಿನೇಳು, ಹದಿನೇಳು ಎರಡ್ಲ ಮೂವತ್ನಾಲ್ಕು ಎನ್ನುವಷ್ಟರಲ್ಲಿ ಉಸಿರು ಹಿಡಿದಿದ್ದವನ ಕಾಲು ದೊಪ್ಪನೆ ನೆಲಕ್ಕೆ. ಮೇಷ್ಟ್ರು ಬೈಯುತ್ತಿರಲಿಲ್ಲ. "ಮಾತಾಡಕ್ಕೆ ಆಗದಷ್ಟು ಯಾಕಯ್ಯ ಎತ್ತಿದೆ? ಇಳಿಸು, ಇನ್ನೂ ಇಳಿಸು" ಎನ್ನುವರು. ಕಾಲು ನೆಲದಿಂದ ಗೇಣು ಮೇಲೆ ಇದ್ದರೂ ಪರವಾಗಿಲ್ಲ, ಮಗ್ಗಿ ಹತ್ತರವರೆಗೆ ಬರಬೇಕು. ಬಂತೋ, ಅವನೇ ಆವತ್ತಿನ ಹೀರೊ. ಬೆನ್ನು ಬಿಲ್ಲಿನಂತೆ ಬಗ್ಗಿಸುತ್ತಿದ್ದ ಹುಡುಗನೊಬ್ಬನಿದ್ದ, ಊರ ಹಬ್ಬದಲ್ಲಿ ಅವನದೇ ಪ್ರದರ್ಶನ. ಅವನಿಗೆ ಮೂರನೇ ಸಾಲು ದಾಟಿ ಮಗ್ಗಿ ಬರುತ್ತಲೇ ಇರಲಿಲ್ಲ. ಅವನನ್ನು ಮೇಷ್ಟ್ರು ಒಂದು ದಿನವೂ ಹೊಗಳಲಿಲ್ಲ. ನಮಗೆ ಆಗ ಅದು ಅನ್ಯಾಯ ಅನ್ನಿಸುತ್ತಿತ್ತು.

ಆ ಮಗ್ಗಿಯನ್ನು ನಾನು ಇಲ್ಲೂ ಬಿಟ್ಟಿಲ್ಲ. ಇಲ್ಲಿನ ಮಕ್ಕಳಿಗೆ ಕನ್ನಡದ ಮಗ್ಗಿ ಬರಲ್ಲ, ಹಾಗಾಗಿ ಅವರು ಅ ಆ ಇ ಈ ಹೇಳಬೇಕು. ಕನ್ನಡ ತರಗತಿಯವರಿಗೂ ಉಪಕಾರ. ದೊಡ್ಡವರಿಗೆ ವೀರಭದ್ರಾಸನದಲ್ಲಿ ನಿಲ್ಲಿಸಿ, ಊರಿನ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್ ಹೇಳಿ ಎನ್ನುತ್ತೇನೆ. ಎಲ್ಲರಿಗೂ ನೆನಪಿದೆ, ಎಸ್‌ಟಿಡಿ ಕೋಡ್ ಸಮೇತ. ಒಬ್ಬರು ಪಕ್ಕದ ಮನೆಯ ನಂಬರ್ ಹೇಳಿದರು. ಅವರ ಮನೆಯಲ್ಲಿ ಫೋನ್ ಇರಲಿಲ್ಲವಂತೆ, ಪಿಪಿ ನಂಬರ್.

ಯೋಗ ದಿನ ಬಂದರೆ ನಮ್ಮವರಿಗೆ ಹೆಮ್ಮೆ ಉಕ್ಕುತ್ತೆ. ಉಕ್ಕಲಿ, ಕಾರಣ ಇದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸರು ಹಾಸನದ ಕಡೆಯವರು, ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಕಡೆಯ ಬೆಳ್ಳೂರಿನವರು. ಇವತ್ತು ಜಗತ್ತಿನ ಯಾವ ಮೂಲೆಯ ಯೋಗ ಸ್ಟುಡಿಯೋಗೆ ಹೋದರೂ ಈ ಮೂವರಲ್ಲಿ ಒಬ್ಬರ ನೆರಳು ಇರುತ್ತೆ. ಆದರೆ 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಜೂನ್ 21 ಎಂದು ಗೊತ್ತು ಮಾಡಿದ್ದು ವರ್ಷಕ್ಕೊಮ್ಮೆ ಫೋಟೋ ತೆಗೆಸಿಕೊಳ್ಳಲಿ ಎಂದು ಅಲ್ಲ ಅಲ್ವಾ? ಹೋದ ಸಲ ಯೋಗ ದಿನಕ್ಕೆ ಹಾಲ್ ತುಂಬಿತ್ತು, ಮುಂದಿನ ಶನಿವಾರ ಮತ್ತೆ ಅದೇ ಮಾಮೂಲಿ ಕೆಲವೇ ಮುಖಗಳು. ನನಗೆ ಬೇಜಾರಿಲ್ಲ. ಸ್ವಲ್ಪ ಇದೆ.

ಅಯ್ಯಂಗಾರರ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಕ್ಕಂದಿನಲ್ಲಿ ಅವರು ಕಾಯಿಲೆಯ ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಾಡಿದ್ದವು. ಮುಂದೆ ಕುರ್ಚಿ, ಹಗ್ಗ, ಮರದ ತುಂಡು, ಕಂಬಳಿ ಇಟ್ಟುಕೊಂಡು ಯಾರು ಬೇಕಾದರೂ ಆಸನ ಮಾಡಬಹುದು ಎಂದು ತೋರಿಸಿದವರು ಅವರೇ. ನಮ್ಮ ಕ್ಲಾಸಿನಲ್ಲೂ ಒಂದು ಕುರ್ಚಿ ಇದೆ. ಮಗನ ಮನೆಗೆಂದು ಬಂದಿರುವ ಹಿರಿಯರೊಬ್ಬರು ಅದರ ಮೇಲೆ ಕೂತೇ ಮಾಡುತ್ತಾರೆ. ನಿಧಾನ, ಯಾರ ಕಡೆಗೂ ನೋಡುವುದಿಲ್ಲ. ಉಸಿರು ಬಿಡುವಾಗ ಕೈ ಇಳಿಯುತ್ತೆ, ತೆಗೆದುಕೊಳ್ಳುವಾಗ ಏರುತ್ತೆ. ಇಡೀ ಹಾಲಿನಲ್ಲಿ ಅವರಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ. ಮುಂದಿನ ವಾರ ಊರಿಗೆ ವಾಪಸ್ ಹೊರಟಿದ್ದಾರೆ. ಸೊಸೆ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಬರೆಸಿದ್ದಕ್ಕೆ, "ನನಗ್ಯಾಕಮ್ಮ ಅದು" ಎಂದು ಜಗಳ ಆಡಿದರಂತೆ.

ಹ್ಞಾಂ, ಉಸಿರು. ಉಸಿರು ಒಳಗೆ ಎಳೆದಾಗ ಎದೆಬಡಿತ ತುಸು ಜೋರಾಗುತ್ತೆ, ಬಿಡುವಾಗ ನಿಧಾನವಾಗುತ್ತೆ. ಬಿಡುವುದನ್ನು ಉದ್ದ ಮಾಡಿದರೆ ಮೈ ತಾನಾಗಿ ತಣ್ಣಗಾಗುತ್ತೆ. ಇದಕ್ಕೆ ಮ್ಯಾಟ್ ಬೇಡ. ಊರಿಗೆ ಫೋನ್ ಹಚ್ಚಿದಾಗ ನಿಮ್ಮ ಭುಜ ಎಲ್ಲಿದೆ ನೋಡಿಕೊಳ್ಳಿ, ಕಿವಿಯ ಹತ್ತಿರ ಇರುತ್ತೆ. ಅಮ್ಮ "ಎಲ್ಲ ಚೆನ್ನಾಗಿದ್ದೀವಿ" ಅನ್ನುವ ದನಿಯಲ್ಲಿ ಏನಾದರೂ ಮುಚ್ಚಿಟ್ಟಿದ್ದಾರಾ ಎಂದು ಕೇಳಿಸಿಕೊಳ್ಳುತ್ತಾ ನಾವು ಉಸಿರೇ ನಿಲ್ಲಿಸಿರುತ್ತೇವೆ. ಅಲ್ಲಿ ಒಂದು ಸಲ ಉದ್ದಕ್ಕೆ ಉಸಿರು ಬಿಟ್ಟರೆ ಅದೂ ಅಭ್ಯಾಸವೇ. ಕಮಿಟಿ ಮೀಟಿಂಗ್ ಇನ್ನೂ ಒಳ್ಳೆ ಯೋಗಶಾಲೆ. ಮನಸ್ಸು ತಿಳಿಯಾಗಲು ಮೈತ್ರಿ, ಕರುಣೆ, ಮುದಿತ ಅಂದರೆ ಸಂತೋಷ, ಉಪೇಕ್ಷೆ ಅಂದರೆ ತಲೆಗೆ ಹಚ್ಚಿಕೊಳ್ಳದಿರುವುದು ಎಂದು ಪತಂಜಲಿ ನಾಲ್ಕು ಮದ್ದು ಕೊಡುತ್ತಾನೆ. ಮೊದಲ ಮೂರು ಹೇಗೋ ಆಗುತ್ತೆ. ಸೌಂಡ್ ಸಿಸ್ಟಂ ಬಾಡಿಗೆಯ ಚರ್ಚೆ ಎದ್ದಾಗ ಉಪೇಕ್ಷೆ ಮಾಡಿ ತೋರಿಸಿ ನೋಡೋಣ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಗಡಿಬಿಡಿಯಲ್ಲಿ. ಜೂನ್ 21ರ ಬೆಳಿಗ್ಗೆ 7ಕ್ಕೆ ಸಂಘದ ಹಾಲ್‌ನಲ್ಲಿ ಸಾಮೂಹಿಕ ಯೋಗ, 6:30ಕ್ಕೆ ಬಾಗಿಲು ತೆರೆಯುತ್ತೆ, ತೆರೆಯಲು ಇಬ್ಬರು ಬೇಕು. ಮಕ್ಕಳ ಕನ್ನಡ ತರಗತಿಗೆ ಬೇಸಿಗೆ ರಜೆ, ಲೈಬ್ರರಿ ಪುಸ್ತಕಗಳನ್ನು ರಜೆ ಶುರುವಾಗುವುದರೊಳಗೆ ದಯವಿಟ್ಟು ವಾಪಸ್ ಕೊಡಿ. ಸದಸ್ಯತ್ವ ನವೀಕರಣಕ್ಕೆ ಈ ತಿಂಗಳ ಕೊನೆಯೇ ಕಡೆ. ನಾಟಕದ ತಾಲೀಮು ಇನ್ನು ಮೇಲೆ ಶುಕ್ರವಾರ ಸಂಜೆ, ಅಜ್ಜನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ರಾಜ್ಯೋತ್ಸವ ಸಂಚಿಕೆಗೆ ಬರಹ ಈಗಿನಿಂದಲೇ ಕಳಿಸಬಹುದು, ಮತ್ತೆ ಆ ಸಂಚಿಕೆಯ ಪುಟ ಜೋಡಿಸಲು, ಕರಡು ತಿದ್ದಲು ಯಾರಾದರೂ ಒಬ್ಬರು ಬನ್ನಿ, ಕನ್ನಡ ಟೈಪಿಂಗ್ ನಾನೇ ಹೇಳಿಕೊಡುತ್ತೇನೆ, ಒಬ್ಬಳಿಗೇ ನಿಜವಾಗಲೂ ಆಗುತ್ತಿಲ್ಲ. ಯೋಗ ದಿನ ಮುಗಿದ ಮೇಲೆ ಮ್ಯಾಟ್ ಒರೆಸಿ ಸುತ್ತಿಡುವವರೂ ಬೇಕು.

ಮಂಡಿ ನೋವಿದ್ದವರು ಬರಬಹುದಾ ಎಂದು ಮೂರ್ನಾಲ್ಕು ಜನ ಕೇಳಿದ್ದೀರಿ. ಬನ್ನಿ, ಕುರ್ಚಿ ಇನ್ನೂ ಎರಡು ತರಿಸುತ್ತೇವೆ. ಬಿಪಿ ಅಥವಾ ಗ್ಲಾಕೋಮಾ ಇರುವವರು ಮೊದಲೇ ನನಗೆ ಹೇಳಿ, ಶೀರ್ಷಾಸನ ಮತ್ತು ಉಸಿರು ಹಿಡಿಯುವ ಕುಂಭಕ ನಿಮಗೆ ಬೇಡ. ಹೊಟ್ಟೆ ತುಂಬ ತಿಂದು ಬರಬೇಡಿ. ಸಾಕ್ಸ್ ಬಿಚ್ಚಿಡಿ, ಆ ನೆಲ ಜಾರುತ್ತೆ.